ಐಸಿನ ಡ್ರಮ್ಮಿನ ಜಗಳ

ಹಿರಿಯೂರಿನಿಂದ ಫೋನು ಬಂದ ಬೆಳಿಗ್ಗೆ ಕೊಟ್ರೇಶ್ ಮೇಷ್ಟ್ರು ದುರ್ಗದ ಮೈದಾನದಲ್ಲಿ ಜುಂಜಪ್ಪ ಮೇಷ್ಟ್ರ ದಾರಿ ಕಾಯುತ್ತಿದ್ದರು. ಹಿಂದಿನ ಸಂಜೆ ಅವರು ಹಿರಿಯೂರಿನ ಮನೆಗೆ ಬಸ್ಸು ಹತ್ತಿದಾಗ ಅರ್ಧಕ್ಕೇ ನಿಂತ ಜಗಳ ಬಾಕಿಯಿತ್ತು. "ಅಪ್ಪ ಹೋಗಿಬಿಟ್ರು ಮೇಷ್ಟ್ರೇ, ಎಬ್ಬಿಸಿದ್ರೆ ಏಳಲೇ ಇಲ್ಲ" ಎಂದ ಫೋನಿನಲ್ಲಿ ಜುಂಜಪ್ಪನವರ ಮಗ ಪರಮೇಶ್. ನಾಲಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ಒಣಗಿತು.

ಇಬ್ಬರೂ ಪಿ.ಟಿ. ಮೇಷ್ಟ್ರುಗಳಾಗಿ ನಿವೃತ್ತರಾದವರು. ಹಳ್ಳಿಯ ಮಕ್ಕಳಿಗೆ ಓಟ, ಗುಂಡು ಎಸೆತ ಕಲಿಸುತ್ತ ಕಾಲ ಕಳೆಯುತ್ತಿದ್ದರು. ಅಭ್ಯಾಸ ಮುಗಿದೊಡನೆ ಮಕ್ಕಳನ್ನು ಐಸು ಹಾಕಿದ ನೀರಿನ ಡ್ರಮ್ಮಿನಲ್ಲಿ ಕೂರಿಸುವುದು ಜುಂಜಪ್ಪನವರ ಪದ್ಧತಿ.

"ಲೇ ಕೊಟ್ರಾ, ನೋವು ಇಳಿದ್ರೆ ನಾಳೆ ಮತ್ತೆ ಎದ್ದು ಓಡ್ತಾರೆ ಕಣೋ."

"ನೋವಿನ ಜೊತೆ ಬಲಾನೂ ಇಳಿಸ್ತೀಯಲ್ಲೋ! ಮಕ್ಕಳೇನು ಮೀನಾ, ಐಸಲ್ಲಿ ಇಡಾಕೆ?"

ವರ್ಷಗಟ್ಟಲೆ ಇದೇ ನಡೆದಿತ್ತು.

ಮಣ್ಣು ಮಾಡಿ ಬಂದ ವಾರದ ಮೇಲೆ ಗುಂಡು ಎಸೆಯುವ ಕೀರ್ತನಾ ಕೊಟ್ರೇಶ್ ಮೇಷ್ಟ್ರ ಎದುರು ಬಂದು ನಿಂತಳು. ಜುಂಜಪ್ಪನವರ ಅಚ್ಚುಮೆಚ್ಚಿನ ಹುಡುಗಿ. ಡ್ರಮ್ಮಿನಲ್ಲಿ ಕೂರತೊಡಗಿದ ಮೇಲೆ ಅವಳ ಮೈನೋವು ಹೋಗಿತ್ತು, ಆದರೆ ಬಲ ಬರಲೆಂದು ಅಭ್ಯಾಸದಲ್ಲಿ ಎತ್ತುವ ಭಾರ ಮಾತ್ರ ಏರದೆ ನಿಂತುಬಿಟ್ಟಿತ್ತು.

"ರಾಜ್ಯದ ಆಯ್ಕೆ ಹತ್ರ ಬಂದೈತೆ ಮೇಷ್ಟ್ರೇ. ಇನ್ನು ಕೂರಲೋ, ಬ್ಯಾಡ್ವೋ?"

ಬೇಡ ಎಂದರೆ ಸಾಕು, ಜಗಳ ಗೆದ್ದಂತೆ. ಆದರೆ ಸೋಲಬೇಕಾದವನು ಮಣ್ಣಿನಲ್ಲಿದ್ದ. ಕಣ್ಮರೆಯಾದ ಗೆಳೆಯನನ್ನು ಈ ಹುಡುಗಿಯ ಮುಂದೆ ಸಣ್ಣವನನ್ನಾಗಿ ಮಾಡುವುದೇ? ಸುಮ್ಮನಿದ್ದರೆ ಅವಳ ಬಲದ ಗತಿಯೇನು?

"ಭಾರ ಎತ್ತಿದ ದಿನ ಬ್ಯಾಡ ಕಣವ್ವ. ಸ್ನಾಯು ಬೆಳೆಯೋ ಹೊತ್ತದು. ತಣ್ಣಗೆ ಮಾಡಿದ್ರೆ ಬೆಳವಣಿಗೆ ಹಿಂದೆ ಬೀಳ್ತದೆ."

ಇಷ್ಟು ಹೇಳಿ ಅವರು ರೂಢಿಯಂತೆ ಪಕ್ಕಕ್ಕೆ ತಿರುಗಿದರು. ಇಂಥ ಮಾತು ಮುಗಿಯುವ ಮೊದಲೇ "ತೆಗಿ ತೆಗಿ" ಎಂದು ಜುಂಜಪ್ಪನ ದನಿ ಮೇಲೆ ಬೀಳುತ್ತಿತ್ತು. ಈಗ ಮೈದಾನದ ಆಚೆ ಬಸ್ಸೊಂದು ಹಾದುಹೋದ ಸದ್ದಷ್ಟೇ ಬಂತು. ಕೊನೆಗೆ ಗೆಳೆಯನ ಪಾಲಿನ ಮಾತನ್ನೂ ಮೇಷ್ಟ್ರೇ ಆಡಬೇಕಾಯಿತು.

"ಆದ್ರೆ ಇವತ್ತು ಪಂದ್ಯ ಮುಗಿಸಿ ನಾಳೆ ಮತ್ತೆ ಇಳಿಯೋದಿದ್ರೆ ಕುಂತ್ಕ. ಆಗ ಅದರಿಂದ ಉಪಕಾರ ಐತೆ. ಜುಂಜಪ್ಪ ಹೇಳಿದ್ದು ಅಷ್ಟು ಮಾತ್ರ ಸರಿ."

"ನೀವು ಯಾವತ್ತೂ ಅವರದ್ದು ಸರಿ ಅಂದೋರಲ್ಲ!"

"ಅವನ ಮುಂದೆ ಅನ್ನಾಕೆ ಆಗ್ತಿತ್ತೇನವ್ವ? ತಲೆ ಮೇಲೇ ಕುಂತ್ಬಿಡ್ತಿದ್ದ."

ಹುಡುಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡು ಅಭ್ಯಾಸಕ್ಕೆ ಹೋದಳು. ಮೇಷ್ಟ್ರು ಅಲ್ಲೇ ಕಲ್ಲಿನ ಮೇಲೆ ಕೂತರು. ಸರಿ ಎಂದದ್ದನ್ನು ಕೇಳಿ ಮೀಸೆ ತಿರುವಬೇಕಾದವನು ಇರಲಿಲ್ಲ. ತಪ್ಪು ಎಂದದ್ದಕ್ಕೆ ಸಿಟ್ಟಾಗಿ ದಿನವಿಡೀ ಮಾತು ಬಿಡುವವನೂ ಇರಲಿಲ್ಲ.

ಸಂಜೆ ಮನೆಯಲ್ಲಿ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಮಂತ್ರ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: "ಶಿವನೇ, ನನ್ನ ಜುಂಜಪ್ಪ ಬಲು ಹಟದವನು, ಮನಸ್ಸು ಮಾತ್ರ ಹಸುಳೆಯದು. ಅವನನ್ನು ನಿನ್ನ ಪಾದದ ಹತ್ತಿರ ಕೂರಿಸಿಕೋ ತಂದೆ. ಅವನ ಜೀವಕ್ಕೆ ಶಾಂತಿ ಕೊಡು."