ಮಲಗಿದ ಪಾತಿ

"ಕಾಲು ಬೀಳದ ಜಾಗ ನೋಡಿ ಚೆಲ್ಲಮ್ಮ," ಎಂದು ಲಲ್ಲಾ ಝಕಿಯಾ ಬಾಗಿಲ ಸಂದಿಯಿಂದ ಬಕೆಟ್ ಚಾಚಿದಳು. ಊರಿನ ಹೆಂಗಸರ ಹೆಣಗಳನ್ನೆಲ್ಲ ತೊಳೆಯುವವಳು ಅವಳೇ. ಮುಫೀದಾ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಅಂಗಳಕ್ಕಿಳಿದಳು. ಒಳಗೆ ಹಲಗೆಯ ಮೇಲೆ ಮಲಗಿದ್ದವಳು ಅವಳ ಅತ್ತೆ ಮೊಂಜಿಯಾ.

ತೆಬುರ್ಬಾ ಊರಿನಲ್ಲಿ ಹೆಣ ತೊಳೆದ ನೀರನ್ನು ಯಾರೂ ಚರಂಡಿಗೆ ಬಿಡುವುದಿಲ್ಲ, ತುಳಿಯುವುದೂ ಇಲ್ಲ. ಅಂಗಳದಲ್ಲೋ ಕಾಲಿಡಲು ಜಾಗವಿರಲಿಲ್ಲ. ಗಂಡಸರು ಬಾಡಿಗೆ ಕುರ್ಚಿ ಹಾಕುತ್ತಿದ್ದರು, ಅಕ್ಕಪಕ್ಕದವರು ಕುಸ್‌ಕುಸ್ ತುಂಬಿದ ಹರಿವಾಣ ಹೊತ್ತು ಬರುತ್ತಿದ್ದರು. ಕಾಲು ಬೀಳದೆ ಉಳಿದದ್ದು ಒಂದೇ ಮೂಲೆ, ನಿಂಬೆಗಿಡದಾಚೆಯ ಪಾತಿ, ಮೊಗ್ಗು ಬೇಯಿಸಿ ತಿನ್ನುವ ಆರ್ಟಿಚೋಕ್ ಗಿಡಗಳದು. ಹನ್ನೆರಡು ಬುಡಗಳ ಮೇಲೆ ಸುಟ್ಟ ಕಾಗದದಂಥ ಎಲೆ, ಬಿರುಕು ಬಿಟ್ಟ ಮಣ್ಣು. ಮುಫೀದಾ ಅದರ ಅಂಚಿಗೆ ಬಂದು ನಿಂತುಬಿಟ್ಟಳು.

* * *

ಇಪ್ಪತ್ತೆರಡು ವರ್ಷದ ಹಿಂದೆ, ಇಂಥದೇ ಜುಲೈ. ಮದುವೆಯಾಗಿ ತಿಂಗಳಾಗಿತ್ತಷ್ಟೆ. ಟ್ಯೂನಿಸ್‌ನ ಮೂರನೇ ಮಹಡಿಯಲ್ಲಿ ಬೆಳೆದ ಮುಫೀದಾಳಿಗೆ ಮಣ್ಣಿನ ಗಂಧಗಾಳಿ ಇರಲಿಲ್ಲ. ಅತ್ತೆ ಊರ ಸ್ನಾನದ ಮನೆ ಹಮ್ಮಾಮಿಗೆ ಹೋದ ಹೊತ್ತಿನಲ್ಲಿ ಅವಳನ್ನು ಮೆಚ್ಚಿಸಬೇಕೆಂದು ಆ ಒಣಗಿದ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು ಬೆಂಕಿ ಹಚ್ಚಿದಳು. ಅಂಗಳ ಕನ್ನಡಿಯಂತೆ ಚೊಕ್ಕಟವಾಯಿತು.

ಅವು ಮೊಂಜಿಯಾಳ ತಾಯಿ ಮಗಳ ಮದುವೆಗೆ ಕೊಟ್ಟ ಹಿಳ್ಳುಗಳಿಂದ ಬಂದ ಗಿಡಗಳು. ಬೇಸಿಗೆಗೆ ಒಣಗಿ, ಆಗಸ್ಟ್ ನಡುವಿನಲ್ಲಿ ಮೊದಲ ನೀರು ಕಂಡೊಡನೆ ಚಿಗುರುವಂಥವು. ಅತ್ತೆ ಬಂದು ಬೂದಿಯ ಮುಂದೆ ಕುಕ್ಕರಿಸಿದಳು. ಬೈಯಲಿಲ್ಲ. ಬೈದಿದ್ದರೆ ಮುಫೀದಾ ಅತ್ತು ಹಗುರಾಗುತ್ತಿದ್ದಳು.

"ಸತ್ತಿರ್ಲಿಲ್ಲ ಕಣೇ. ಮಲಗಿದ್ವು."

ಗೋಡೆಯ ಪಕ್ಕದ ಒಂದು ಬುಡ ಮಾತ್ರ ಇವಳ ಕೈಗೆ ಬಗ್ಗದೆ ಉಳಿದಿತ್ತು. ಅದರ ಹಿಳ್ಳು ಬಿಡಿಸಿ ಬಿಡಿಸಿ ಅತ್ತೆ ಮತ್ತೆ ಹನ್ನೆರಡು ಮಾಡಿದಳು. ಸೊಸೆಯನ್ನು ಮಾತ್ರ ಆಮೇಲೆ ಹತ್ತಿರ ಬಿಡಲಿಲ್ಲ. ಮುಫೀದಾ ನಿಂಬೆಹಣ್ಣು ಕೀಳಲು ಹೋದರೂ ಅಡುಗೆಮನೆಯ ಕಿಟಕಿಯಲ್ಲಿ ಆ ಮುಖ ಕಾಣಿಸುತ್ತಿತ್ತು.

ಈ ಜೂನ್‌ನಲ್ಲಿ ಹಾಸಿಗೆ ಹಿಡಿದಾಗ, ಗಂಜಿ ಕುಡಿಸುತ್ತಿದ್ದ ಸೊಸೆಯ ಮಣಿಕಟ್ಟು ಹಿಡಿದು ಹೇಳಿದ್ದಳು: "ಪಾತಿಗೆ ನಾನು ಹೇಳೋವರೆಗೂ ನೀರು ಹಾಕ್ಬೇಡ."

ಇಪ್ಪತ್ತೆರಡು ವರ್ಷದಲ್ಲಿ ಪಾತಿಯ ಮಾತು ಇವಳೊಡನೆ ಬಂದದ್ದು ಅದೇ ಮೊದಲು. ಕೊನೆಗೂ ತನ್ನ ಕೈಗೆ ಕೊಡುತ್ತಾಳೆಂದು ಮುಫೀದಾ ಒಳಗೊಳಗೇ ಹಿಗ್ಗಿದಳು. ಹೇಳುವ ಮೊದಲೇ ಅತ್ತೆ ಹೊರಟುಹೋದಳು.

* * *

"ಅತ್ತಿಗೆ, ಯಾಕೆ ನಿಂತ್ರಿ?" ನಾದಿನಿ ಸಲ್ವಾ ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಲ್ಲೇ ಚೆಲ್ಲಿ. ಹೆಂಗಿದ್ರೂ ಸತ್ತಿದಾವೆ."

"ಸತ್ತಿಲ್ಲ ಕಣೇ. ಮಲಗಿದಾವೆ."

ಮಾತು ಮಾತ್ರವಲ್ಲ, ದನಿಯೂ ಅತ್ತೆಯದೇ. ಸಲ್ವಾ ಒಂದು ಹೆಜ್ಜೆ ಹಿಂದೆ ಸರಿದಳು. ಮುಫೀದಾಳಿಗೆ ತನ್ನ ಬಾಯಿಯ ಬಗ್ಗೆಯೇ ಭಯವಾಯಿತು.

ಈ ಬಿಸಿಲಲ್ಲಿ ನೀರು ಬಿದ್ದರೆ ಬುಡ ಕೊಳೆಯುತ್ತದೆ. ಒಮ್ಮೆ ಕೊಂದಿದ್ದಾಯಿತು, ಎರಡನೇ ಸಲವೂ ತನ್ನ ಕೈಯಿಂದಲೇ ಆಗಬೇಕೇ? ಒಳಗಿನಿಂದ ಲಲ್ಲಾ ಝಕಿಯಾ, ಮಧ್ಯಾಹ್ನದ ನಮಾಜಿಗೆ ಮೊದಲೇ ಹೊರಡಿಸಬೇಕು, ಇನ್ನೂ ಎರಡು ಬಕೆಟ್ ಇದೆ ಎಂದು ಅವಸರಪಡಿಸಿದಳು. ಅತ್ತೆಯ ಮೈಮೇಲಿನ ನೀರನ್ನು ಜನರ ಕಾಲಡಿಗೆ ಚೆಲ್ಲಲು ಮುಫೀದಾಳಿಗೆ ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿ ಬಕೆಟ್ ಬಗ್ಗಿಸಿದಳು. ಬಿರುಕುಗಳು ಗಟಗಟನೆ ಕುಡಿದವು. ಕರ್ಪೂರದ ವಾಸನೆ ಎದ್ದಿತು.

ಮೂರು ಬಕೆಟ್ ಮುಗಿದ ಮೇಲೆ ಗಂಡಸರು ಹೆಣ ಹೊತ್ತು ಹೊರಟರು. ಹೆಂಗಸರ ಅಳುವಿನ ನಡುವೆ ಮುಫೀದಾ ಎರಡು ಸಲ ಕಿಟಕಿಯ ಕಡೆ ತಿರುಗಿ ನೋಡಿದಳು.

* * *

ಏಳನೆಯ ದಿನ ಬಾಡಿಗೆ ಕುರ್ಚಿಗಳು ಹೋದವು. ಕೊಳೆತ ನಾತಕ್ಕೆ ಮೂಗನ್ನು ಸಜ್ಜು ಮಾಡಿಕೊಂಡೇ ಮುಫೀದಾ ಮೂಲೆಗೆ ಹೋದಳು. ಹನ್ನೊಂದು ಬುಡ ಹೇಗಿದ್ದವೋ ಹಾಗೇ ಇದ್ದವು. ಗೋಡೆಯ ಪಕ್ಕದ ಹಳೆಯ ಬುಡದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಬೆರಳುದ್ದದ ಬೂದುಹಸಿರು ಎಲೆಯೊಂದು ಎದ್ದು ನಿಂತಿತ್ತು.

ಹಿಂದೆಯೇ ಬಂದ ಸಲ್ವಾ ಮೆಲ್ಲಗೆ ಅಂದಳು: "ಅಮ್ಮನ ಮೈ ತೊಳೆದ ನೀರಲ್ಲಿ ಹುಟ್ಟಿದ್ದು. ಇದನ್ನ ತಿನ್ನೋರ್ಯಾರು ಅತ್ತಿಗೆ?"

ಅತ್ತೆ ನೀರು ಹಾಕುತ್ತಿದ್ದ ತಳ ತೂತಿನ ಡಬ್ಬಿ ನಿಂಬೆಗಿಡಕ್ಕೆ ನೇತುಬಿದ್ದಿತ್ತು. ಮುಫೀದಾ ಅದನ್ನು ನಲ್ಲಿಯಡಿ ತುಂಬಿ, ತೂತುಗಳಿಗೆ ಅಂಗೈ ಒತ್ತಿ ಹಿಡಿದು ತಂದಳು. ರೂಢಿಯಂತೆ ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಕಾದಳು.

ಆಮೇಲೆ ಅಂಗೈ ತೆಗೆದಳು.