ಯಾವೂರಿನವರು ನೀವು?

ಹೆಣ್ಣು ಕೇಳಲು ಬಂದವರ ಮುಂದೆ ಕಾಫಿ ಬಂತು. ಯಾರೂ ಮುಟ್ಟಲಿಲ್ಲ. ಹುಡುಗಿಯ ತಂದೆ ಒಪ್ಪಿಗೆ ಕೊಡುವ ತನಕ ಬಟ್ಟಲು ತುಟಿಗೆ ತಾಗಬಾರದು. ಕೊಡದಿದ್ದರೆ ತುಂಬಿದ ಬಟ್ಟಲು ಅಲ್ಲೇ ಬಿಟ್ಟು ಎದ್ದುಹೋಗಬೇಕು. ಸಂಜೆಯೊಳಗೆ ಆ ಸುದ್ದಿ ಅಮ್ಮಾನ್ ತುಂಬ ಹಬ್ಬಿರುತ್ತದೆ.

ಮದುವೆಯ ಹುಡುಗ ಸುಹೈಬ್ ಮೆಲ್ಲಗೆ ಒಳಕ್ಕೆ ಕಣ್ಣು ಹಾಯಿಸಿದ. ಜುಮಾನಾ ಒಳಕೋಣೆಯ ಬಾಗಿಲ ಹಿಂದೆಯೇ ನಿಂತಿದ್ದಳು. ಅವಳ ತಂದೆ ಅಬು ಸತ್ತಾಮ್ ತಲೆತಲಾಂತರದಿಂದ ಜೋರ್ಡಾನಿನವನು, ಸೈನ್ಯದಿಂದ ನಿವೃತ್ತನಾದ ಅಧಿಕಾರಿ. ಸುಹೈಬ್ ಹುಟ್ಟಿದ್ದೂ ಅಮ್ಮಾನಿನಲ್ಲೇ, ಪಾಸ್‌ಪೋರ್ಟೂ ಜೋರ್ಡಾನಿನದೇ. ಆದರೆ ಬೆಳೆದದ್ದು ಅದೇ ಊರಿನ ವೆಹ್ದಾತ್ ಎಂಬ ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರದಲ್ಲಿ. ಇಂಥ ಮದುವೆಗಳು ದಿನಾ ನಡೆಯುತ್ತವೆ, ಯಾರ ತಲೆಯ ಮೇಲೂ ಆಕಾಶ ಕಳಚಿ ಬಿದ್ದಿಲ್ಲ. ಅಬು ಸತ್ತಾಮನಿಗೆ ಮಾತ್ರ ಶಿಬಿರದವರೆಂದರೆ ಒಂದು ಕಾಲು ಹೊರಗಿಟ್ಟುಕೊಂಡೇ ಬದುಕುವವರು. ಅದಕ್ಕೇ ಸುಹೈಬ್ ಬೆಳಗ್ಗೆಯೇ ತಾತನ ಕಾಲು ಹಿಡಿದಿದ್ದ. "ತಾತಾ, ಇವತ್ತೊಂದಿನ ಲಿದ್ ಸುದ್ದಿ ಎತ್ಬೇಡ." ಲಿದ್ ಎಂದರೆ, ತಾತ ಹಾಜ್ ರಿಬ್ಹಿ ಹುಡುಗನಾಗಿದ್ದಾಗ ಬಂದೂಕಿಗೆ ಹೆದರಿ ಬಿಟ್ಟುಬಂದ ಪ್ಯಾಲೆಸ್ಟೀನಿನ ಊರು.

ತಾತ ಹಿರಿಯನಾಗಿ ಹೆಣ್ಣು ಕೇಳಿದ. ಅಬು ಸತ್ತಾಮ್ ಮೀಸೆ ನೀವಿಕೊಂಡ.

"ಹುಡುಗ ಒಳ್ಳೆಯವನೇ ಹಾಜಿ. ಒಂದೇ ಮಾತು. ನಾಳೆ ನನ್ನ ಮೊಮ್ಮಗನ್ನ ಯಾರಾದ್ರೂ ಯಾವೂರು ಅಂತ ಕೇಳಿದ್ರೆ ಏನನ್ಬೇಕು ಅವನು?"

"ಅಮ್ಮಾನ್ ಅನ್ಲಿ," ಎಂದ ತಾತ.

"ಮತ್ತೆ ನೀವು ಯಾವೂರಿನವರು?"

ತಾತ ಊರುಗೋಲನ್ನು ಬಿಗಿಯಾಗಿ ಹಿಡಿದ. "ನಾವೂ ಅಮ್ಮಾನಿನವರೇ ಕಣಪ್ಪ."

ಎಂಬತ್ತು ದಾಟಿದ ಆ ಬಾಯಿಂದ ಅಂಥ ಮಾತು ಎಂದೂ ಹೊರಟಿರಲಿಲ್ಲ. ಸುಹೈಬ್ ಅವನ ಮುಖ ನೋಡಲಾರದೆ ತಲೆ ತಗ್ಗಿಸಿದ.

ಅಬು ಸತ್ತಾಮ್ ಅಲ್ಲಿಗೆ ಬಿಡಬಹುದಿತ್ತು. ಆದರೆ ಆ ಮಹಾಶಯನಿಗೆ ಅಷ್ಟು ಸಾಲಲಿಲ್ಲ. "ನೀನೂ ಒಂದ್ಸಲ ಹೇಳ್ಬಿಡಪ್ಪ ಅಳಿಯ," ಎಂದು ನಕ್ಕ. "ಯಾವೂರು ನಿಂದು?"

ಹೇಳಬೇಕಾದದ್ದು ಒಂದೇ ಪದ. ಹೇಳಿದ್ದರೆ ಜುಮಾನಾ ಅವನವಳು.

"ಲಿದ್," ಎಂದ ಸುಹೈಬ್.

ಯಾರೋ ಕೆಮ್ಮಿದರು. ಅಬು ಸತ್ತಾಮ್ ಎದ್ದು ನಿಂತ. "ಹಾಗಾದ್ರೆ ಹೆಣ್ಣೂ ಅಲ್ಲೇ ಹುಡುಕ್ಕೋ ಹೋಗು."

ತುಂಬಿದ ಬಟ್ಟಲುಗಳನ್ನು ಬಿಟ್ಟು ಎಲ್ಲರೂ ಇಳಿದರು. ಮೆಟ್ಟಿಲ ಮೇಲೆ ಚಿಕ್ಕಪ್ಪಂದಿರು, "ಭೇಷ್ ಕಣೋ! ಗಂಡಸು ಅಂದ್ರೆ ನೀನು!" ಎಂದು ಬೆನ್ನು ತಟ್ಟಿದರು. ಅವರ ಗಂಟೇನು ಹೋಗಬೇಕಿತ್ತು? ಮನೆಯಲ್ಲಿ ಅವರವರ ಹೆಂಡಿರು ಕಾಯುತ್ತಿದ್ದರು.

ತಾತ ಕೆನ್ನೆಗೆ ಬಾರಿಸಿದ. "ಮುಠ್ಠಾಳ! ನಾನು ನಾಲಿಗೆ ಸುಟ್ಕೊಂಡಿದ್ದು ಯಾರಿಗೋಸ್ಕರ ಅಂದ್ಕೊಂಡೆ?"

ಸುಹೈಬ್ ಉರಿಯುವ ಕೆನ್ನೆ ಸವರಿಕೊಂಡ. ತಾತನ ಮಾನ ಉಳಿಸಿದೆನೆಂದು ಒಳಗೊಳಗೇ ಹೆಮ್ಮೆಯಿತ್ತು, ಅದೂ ಈಗ ಉರಿಯುತ್ತಿತ್ತು.

ಕಾರಿನಲ್ಲಿ ಕೂತಾಗ ಮೊಬೈಲ್ ಸದ್ದಾಯಿತು. ಜುಮಾನಾ ಬರೆದಿದ್ದಳು: "ಆ ಊರಲ್ಲಿ ಹುಟ್ಟಿದ ತಾತ ನನಗೋಸ್ಕರ ಅದನ್ನ ಬಿಟ್ಟುಕೊಟ್ರು. ಅದನ್ನ ಕಣ್ಣಲ್ಲೂ ಕಂಡಿರದ ನಿನಗೆ ಆಗ್ಲಿಲ್ವಾ?"