ಒಂದು ಗೇಣು ಎತ್ತರ

ಡಾರ್ಸಿಗೆ ಇದು ಎರಡನೆಯ ಸಲ, ಕೊನೆಯ ಸಲವೂ ಹೌದು. ಅರಿವಳಿಕೆ ಕೊಡುವ ನರ್ಸುಗಳನ್ನು ತಯಾರು ಮಾಡುವ ಆ ಶಾಲೆಯವರು ಯಾರನ್ನೂ ಮೂರನೆಯ ಬಾರಿ ಸಂದರ್ಶನಕ್ಕೆ ಕರೆಯುವುದಿಲ್ಲ. ಹೋದ ವರ್ಷದ ಎಡವಟ್ಟು ಅವಳು ಕೈಯಾರೆ ಮಾಡಿಕೊಂಡದ್ದೇ. ಹೃದಯದೊಳಗಿಂದ ಹಾಯಿಸಿ ಶ್ವಾಸಕೋಶದ ರಕ್ತನಾಳದ ಒತ್ತಡ ಅಳೆಯುವ ಹಳದಿ ಕೊಳವೆಯೊಂದಿದೆ. ಅಂಥದ್ದನ್ನು ಎಷ್ಟು ನೋಡಿಕೊಂಡಿದ್ದೀರಿ ಎಂದು ಕೇಳಿದಾಗ ಈ ಪುಣ್ಯಾತ್ಗಿತ್ತಿ, "ಕೆಲವು" ಎಂದುಬಿಟ್ಟಳು. ಅಮೆರಿಕದ ಕೆಂಟಕಿಯ ಬೆಟ್ಟದ ಸೀಮೆಯಲ್ಲಿ ಅವಳು ನರ್ಸಾಗಿ ದುಡಿಯುವ ಎಂಟು ಮಂಚದ ಐಸಿಯುಗೆ ಆ ಕೊಳವೆ ಕನಸಿನಲ್ಲೂ ಬಂದದ್ದಿಲ್ಲ. ಮುಂದಿನ ಎರಡು ಪ್ರಶ್ನೆಗೇ ಬಣ್ಣ ಬಯಲಾಯಿತು.

ಈ ವರ್ಷ ಆ ಕೊಳವೆಯ ಬಗ್ಗೆಯೇ ಇನ್ನೂರು ಚೀಟಿ ಬರೆದುಕೊಂಡು ಉರು ಹೊಡೆದಳು. ಒಂದು ಭಾನುವಾರ ಚರ್ಚು ಮುಗಿದ ಮೇಲೆ ಆ ಕಟ್ಟು ಹಿಡಿದುಕೊಂಡು ಮಿಸ್ ಅರ್ಲೀನ್ ಮನೆಗೆ ಹೋದಳು. ಅರವತ್ತಮೂರರ ಅರ್ಲೀನ್ ಅದೇ ಐಸಿಯುವಿನ ಹಿರಿಯ ನರ್ಸು. ಒಂದು ಕಾಲದಲ್ಲಿ ಲೆಕ್ಸಿಂಗ್ಟನ್ ನಗರದ ದೊಡ್ಡ ಆಸ್ಪತ್ರೆಯ ಹೃದಯದ ವಾರ್ಡಿನಲ್ಲಿದ್ದವರು. ಪಾಳಿ ಶುರುವಾದಾಗ ಮಾನಿಟರ್ ಕಡೆ ತಿರುಗಿಯೂ ನೋಡದೆ ಮೊದಲು ರೋಗಿಯ ಪಾದ ಮುಟ್ಟಿ, ಬೆಚ್ಚಗಿದೆಯೋ ತಣ್ಣಗಿದೆಯೋ ನೋಡುತ್ತಾರೆ. ಚಿಕ್ಕ ವಯಸ್ಸಿನ ನರ್ಸುಗಳು ಅದಕ್ಕೆ ನಗುವುದುಂಟು. ನಗಲಿ, ಅವರಿಗೇನು ಗೊತ್ತು!

ಅರ್ಲೀನ್ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿದರು. ಚೀಟಿಗಳಿಂದ ಹತ್ತಿಪ್ಪತ್ತು ಪ್ರಶ್ನೆ ಕೇಳಿದರು, ಡಾರ್ಸಿ ತಡವರಿಸದೆ ಒಪ್ಪಿಸಿದಳು. ಆಮೇಲೆ ಅವರು ಆ ಕಟ್ಟನ್ನು ತೆಗೆದು, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಒತ್ತುಕೊಟ್ಟರು. ಡಾರ್ಸಿಗೆ ಉರಿದುಹೋಯಿತು. ಮೂರು ತಿಂಗಳ ನಿದ್ದೆ ಅದರಲ್ಲಿತ್ತು.

ಅರ್ಲೀನರ ಗಂಡ ಮನೆ ಕಟ್ಟುವ ಮೇಸ್ತ್ರಿ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಅವನ ಸಾಮಾನಿನಲ್ಲಿತ್ತು. ಅರ್ಲೀನ್ ಅದನ್ನು ತಂದು, ಕುರ್ಚಿಯಲ್ಲಿ ಕೂತ ಡಾರ್ಸಿಗೆ ಒಂದು ತುದಿಯನ್ನು ಎದೆಗೆ ಒತ್ತಿಕೊಳ್ಳಲು ಹೇಳಿದರು. ಇನ್ನೊಂದನ್ನು ಅದೇ ಎತ್ತರಕ್ಕೆ ತಾವು ಹಿಡಿದರು. ಎರಡೂ ಕಡೆ ನೀರು ಸಮನಾಗಿ ನಿಂತಿತು. ಈಗ ಹಾಗೇ ಎದ್ದು ನಿಲ್ಲು ಎಂದರು. ಡಾರ್ಸಿ ಎದ್ದದ್ದೇ ತಡ, ಅರ್ಲೀನರ ತುದಿಯಿಂದ ನೀರು ಉಕ್ಕಿ ಅವರ ಚಪ್ಪಲಿಯೆಲ್ಲ ತೊಯ್ದಿತು.

"ಈಗ ನಿನ್ನ ಹೃದಯಕ್ಕೆ ಏನಾಯ್ತೇ?"

"ಏನೂ ಆಗಿಲ್ಲ ಮಿಸ್ ಅರ್ಲೀನ್, ಎದ್ದು ನಿಂತೆ ಅಷ್ಟೆ."

"ಮತ್ತೆ? ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸ್ತೀವಲ್ಲ, ಒತ್ತಡ ಅಳೆಯೋ ಪುಟ್ಟ ಡಬ್ಬಿ, ಕೈಗೆ ಹಾಕೋ ಬಿಪಿ ಲೈನಿಗೂ ಅದೇ, ಆ ಹಳದಿ ಕೊಳವೆಗೂ ಅದೇ. ಎದೆ ಮಟ್ಟಕ್ಕಿದ್ರೆ ನಿಜ ಹೇಳತ್ತೆ, ಕೆಳಗಿದ್ರೆ ಇಲ್ಲದ ಒತ್ತಡ ತೋರಿಸತ್ತೆ. ದಿನಾ ಮಾಡೋ ಕೆಲಸಾನೇ ಕಣೇ ಇದು, ಕೊಳವೆ ಉದ್ದ ಅಷ್ಟೆ. ಗೊತ್ತಿಲ್ಲದ್ದನ್ನ ಗೊತ್ತು ಅನ್ಬೇಡ. ಗೊತ್ತಿರೋದನ್ನ ಬಿಡ್ಬೇಡ."

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದ ಡಾಕ್ಟರ್ ವಿಟ್ಲೋ ಎಂಬಾಕೆ ಹೋದ ವರ್ಷ ಕೊಳವೆಯ ಪ್ರಶ್ನೆ ಕೇಳಿದವರೇ. ಈ ಸಲವೂ ಅದನ್ನೇ ಕೇಳಿದರು. ಒಂದನ್ನೂ ನೋಡಿಕೊಂಡಿಲ್ಲ ಎಂದಳು ಡಾರ್ಸಿ. ಆಕೆ ಹಳೆಯ ಹಾಳೆಯೊಂದನ್ನು ತಿರುವಿದರು.

"ಹೋದ ವರ್ಷ ಕೆಲವು ಅಂದಿದ್ರಲ್ಲ?"

ಡಾರ್ಸಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. "ಸುಳ್ಳು ಹೇಳಿದ್ದೆ, ಮೇಡಂ," ಎಂದಳು.

ವಿಟ್ಲೋ ಒಂದು ಪ್ರಸಂಗ ಓದಿದರು. ಹೃದಯದ ಆಪರೇಷನ್ನಾಗಿ ಎರಡು ದಿನವಾದ ಒಬ್ಬ ಮುದುಕ. ಆ ಕೊಳವೆ ತೋರಿಸುತ್ತಿದ್ದ ಒತ್ತಡ ಹನ್ನೆರಡಿದ್ದದ್ದು ಒಮ್ಮೆಗೇ ಇಪ್ಪತ್ತೇಳಕ್ಕೆ ಏರಿದೆ. ಯಾವ ಔಷಧಿ ಕೊಡುತ್ತೀರಿ?

ಚೀಟಿಗಳಲ್ಲಿ ಇದಕ್ಕೆ ನಾಲ್ಕು ಔಷಧಿಗಳಿದ್ದವು. ನಾಲ್ಕೂ ನಾಲಿಗೆಯ ತುದಿಯಲ್ಲೇ ಇದ್ದವು. ಡಾರ್ಸಿ ಅವನ್ನು ನುಂಗಿಕೊಂಡಳು. ಅವನ ಪಾದ ಬೆಚ್ಚಗಿದೆಯೇ ಎಂದು ಕೇಳಿದಳು. ಪಕ್ಕದಲ್ಲಿದ್ದ ಯುವಕ ನಕ್ಕ, ವಿಟ್ಲೋ ನಗಲಿಲ್ಲ. ಪಾದ ಬೆಚ್ಚಗಿದೆ, ಉಸಿರಾಟ ಸರಾಗ, ಮಾತಾಡುತ್ತಿದ್ದಾನೆ ಎಂದರು. ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು ಎಂದು ಡಾರ್ಸಿ ಮತ್ತೆ ಕೇಳಿದಳು. ಹಾಸಿಗೆ ಬಟ್ಟೆ ಬದಲಿಸಿದರು ಎಂದರು ಆಕೆ.

"ಹಾಗಾದ್ರೆ ಬೆನ್ನು ಬಗ್ಗಿಸದೆ ಬದಲಿಸೋಕೆ ಮಂಚ ಒಂದು ಗೇಣು ಏರಿಸಿರ್ತಾರೆ ಮೇಡಂ, ಡಬ್ಬಿ ಕಂಬದಲ್ಲೇ ಕೆಳಗುಳಿದಿರತ್ತೆ. ನಾನು ಔಷಧಿ ಕೊಡಲ್ಲ. ಮೊದಲು ಡಬ್ಬಿ ಎದೆ ಮಟ್ಟಕ್ಕೆ ತರ್ತೀನಿ."

ವಿಟ್ಲೋ ಕನ್ನಡಕ ತೆಗೆದಿಟ್ಟು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಡಾರ್ಸಿ ಮಿಸ್ ಅರ್ಲೀನ್ ಹೆಸರು ಹೇಳಿದಳು.

ಒಂಬತ್ತನೆಯ ದಿನ ಮಧ್ಯಾಹ್ನ, ಪಾಳಿಯಲ್ಲಿರುವಾಗಲೇ ಫೋನು ಬಂತು. ಸೀಟು ಸಿಕ್ಕಿತ್ತು. ಡಾರ್ಸಿ ಓಡಿಹೋಗಿ ಅರ್ಲೀನರನ್ನು ತಬ್ಬಿಕೊಂಡಳು. ಅವರು ಅವಳ ಬೆನ್ನು ತಟ್ಟಿ, ಮೂರನೆಯ ಮಂಚದ ಅಜ್ಜಿಯ ಹಾಸಿಗೆ ಬಟ್ಟೆ ಬದಲಿಸಬೇಕು, ಬಾ ಎಂದರು. ಡಾರ್ಸಿ ಗುಂಡಿ ಒತ್ತಿ ಮಂಚ ಏರಿಸಿದಳು, ಆಗಸ್ಟಿನಿಂದ ಶಾಲೆ ಶುರು ಎಂದೆಲ್ಲ ಹೇಳುತ್ತಲೇ ಇದ್ದಳು. ಮಾನಿಟರಿನಲ್ಲಿ ಅಜ್ಜಿಯ ಕೈಯ ಲೈನಿನ ಬಿಪಿ ಸರ್ರನೆ ಏರಿ ಗಂಟೆ ಬಾರಿಸತೊಡಗಿತು. ಡಾರ್ಸಿ ಕಕ್ಕಾಬಿಕ್ಕಿಯಾಗಿ ಅತ್ತ ನೋಡಿದಳು.

ಅರ್ಲೀನ್ ಒಂದು ಕೈಯನ್ನು ಅಜ್ಜಿಯ ಪಾದದ ಮೇಲಿಟ್ಟು, ಇನ್ನೊಂದರಿಂದ ಕಂಬದ ಮೇಲಿನ ಡಬ್ಬಿಯನ್ನು ಒಂದು ಗೇಣು ಮೇಲಕ್ಕೆ ಸರಿಸಿದರು. ಗಂಟೆ ನಿಂತಿತು.

"ಆಗಸ್ಟ್ ತನಕ ನೀನು ಇಲ್ಲೇ ಇರ್ತೀಯ ಕಣೇ," ಎಂದರು. ಅವರ ಕಣ್ಣು ತುಂಬಿತ್ತು. ಡಾರ್ಸಿ ಬಂದು ಅಜ್ಜಿಯ ಇನ್ನೊಂದು ಪಾದ ಮುಟ್ಟಿ ನೋಡಿದಳು. ಬೆಚ್ಚಗಿತ್ತು.